ನಾಲ್ಕು ಸೆಕೆಂಡಿನ ಸ್ವರ

ಹೇಮಾಕ್ಷಿಯ ಸ್ವರ ಕೇಳದವರು ಮಂಗಳೂರಿನಲ್ಲಿ ಇರಲಿಕ್ಕಿಲ್ಲ. ಹೆಸರು ಕೇಳಿದವರು ಮಾತ್ರ, ಒಂದು ವರ್ಷದ ಹಿಂದಿನವರೆಗೆ, ಅವಳ ಊರು ಕಾಟಿಪಳ್ಳದಲ್ಲೇ ನಾಲ್ಕು ಮನೆಯವರಿರಲಿಲ್ಲ. ಚಿನ್ನದಂಗಡಿಯ ಜಾಹೀರಾತಿನಲ್ಲಿ ನಾಚಿಕೊಂಡು ಹಾಡುವ ಮದುಮಗಳು ಅವಳೇ. ನವರಾತ್ರಿಗೆ ಬರುವ ಭಜನೆ ಅವಳದ್ದು, ಕ್ರಿಸ್ಮಸ್ಸಿನ ಕೊಂಕಣಿ ಹಾಡುಗಳ ಹಿಂದಿನ ಕೋರಸ್ಸೂ ಅವಳದ್ದು. ತುಳು ಸಿನಿಮಾದ ಹಾಡನ್ನು ದೊಡ್ಡ ಗಾಯಕಿಯರು ಕೇಳಿ ಕಲಿಯಲಿ ಎಂದು ಮೊದಲು ಒಬ್ಬರು ಹಾಡಿಡಬೇಕಲ್ಲ, ದೊಡ್ಡವರು ಬಂದು ಹಾಡಿದ ಮೇಲೆ ಅದನ್ನು ಅಳಿಸಿ ಬಿಸಾಡುತ್ತಾರಲ್ಲ, ಆ ಕೆಲಸವನ್ನೂ ಹನ್ನೆರಡು ವರ್ಷ ಅವಳೇ ಮಾಡಿದಳು.

ಇದೆಲ್ಲ ನಡೆಯುತ್ತಿದ್ದದ್ದು ಫಳ್ನೀರಿನಲ್ಲಿ, ಹಲ್ಲಿನ ಕ್ಲಿನಿಕ್ಕೊಂದರ ಮೇಲಿನ ಮಹಡಿಯಲ್ಲಿದ್ದ ಯೂಸ್ಟೇಸರ ಸ್ಟುಡಿಯೋದಲ್ಲಿ. ಕೆಳಗೆ ಹಲ್ಲು ಕೊರೆಯುವ ಸದ್ದು ನಿಂತ ಮೇಲೆಯೇ ಮೇಲೆ ಹಾಡು. ಅರುವತ್ತು ದಾಟಿದ ಯೂಸ್ಟೇಸ್ ಕಿವಿಯಲ್ಲಿ ಹುಲಿ, ಬಾಯಲ್ಲಿ ಬೆಲ್ಲ. "ನಿನಗೆ ಸ್ವಂತದ್ದೊಂದು ಸ್ವರ ಉಂಟೋ ಇಲ್ವೋ ಮಾರಾಯ್ತಿ, ಬೇರೆಯವರದ್ದು ಮಾತ್ರ ಎಲ್ಲ ಉಂಟು" ಎನ್ನುತ್ತಿದ್ದರು. ಹೇಮಾಕ್ಷಿ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು. ಹಾಗೆ ತಿಳಿದದ್ದೇ ಎಡವಟ್ಟಾಯಿತು.

ಮೂರು ವರ್ಷದ ಹಿಂದೆ ಒಂದು ಶನಿವಾರ 'ಕರೆಂಟ್ ಇಜ್ಜಿ' ಎಂಬ ರಾಕ್ ಬ್ಯಾಂಡಿನವರು ಅಲ್ಲಿಗೆ ಬಂದಿದ್ದರು. ಕರೆಂಟ್ ಇಲ್ಲ ಎಂದು ಹೆಸರಿಟ್ಟುಕೊಂಡು ನಾಲ್ಕು ಊರಿಗಾಗುವಷ್ಟು ಕರೆಂಟು ಸುಡುವ ಮಂದಿ! ಗಿಟಾರಿನವನು ಸೆಡ್ರಿಕ್, ಹಾಡುವವಳು ಅವನ ತಂಗಿ ರೀಮಾ; ಇಗರ್ಜಿಯ ಕ್ವಾಯರಿನಲ್ಲಿ ಬೆಳೆದ ಇಪ್ಪತ್ನಾಲ್ಕರ ಹುಡುಗಿ. ಹಾಡು ತುಳುವಿನದ್ದು, ಮನೆ ಬಿಟ್ಟು ಹೋದವರನ್ನು ಕರೆಯುವುದು. ಕೊನೆಯಲ್ಲಿ ಗಿಟಾರು, ಡ್ರಮ್ಮು ಎಲ್ಲ ಗಪ್ಪೆಂದು ನಿಂತು ಒಂದೇ ಒಂದು ಮಾತು ಮೇಲಕ್ಕೇರಬೇಕು: "ಬಲಾ…", ಅಂದರೆ ಬಾ. ರೀಮಾ ಏಳು ಸಲ ಹಾಡಿದಳು. ಮೇಲಕ್ಕೆ ಹೋದದ್ದೆಲ್ಲ ಬಿರಿದುಹೋಯಿತು. ಏಳನೆಯ ಸಲ ಸುಸ್ತಾಗಿ ಎರಡು ಸ್ವರ ಕೆಳಗೇ ನಿಂತುಬಿಟ್ಟಳು. "ಮೂರನೆಯದರಲ್ಲಿ ಬಂದಿದೆ, ನಿನಗೇ ಗೊತ್ತಾಗ್ಲಿಲ್ಲ" ಎಂದು ಯೂಸ್ಟೇಸ್ ಅವಳನ್ನು ಮನೆಗೆ ಕಳಿಸಿ, ಹೇಮಾಕ್ಷಿಗೆ ಫೋನು ಮಾಡಿದರು.

"ನಾಲ್ಕೇ ಸೆಕೆಂಡ್. ರೀಮಾ ಆಗಿ ಹಾಡು."

"ಅವಳಿಗೆ ಗೊತ್ತುಂಟಾ ಸರ್?"

"ಗೊತ್ತಾಗುದೆಂತಕ್ಕೆ? ಪಾಪ, ಖುಷಿಯಲ್ಲಿ ಹೋಗಿದ್ದಾಳೆ."

ಹೇಮಾಕ್ಷಿ ಸ್ಟುಡಿಯೋಕ್ಕೆ ಬಂದು ರೀಮಾ ಹಾಡಿದ್ದನ್ನು ಕಿವಿಗೊಟ್ಟು ಕೇಳಿದಳು. ಮೇಲೇರುವ ಮುಂಚೆ ರೀಮಾ ಮೂಗಿನಿಂದ ಎರಡು ಸಲ ಚುಟುಕಾಗಿ ಉಸಿರೆಳೆಯುತ್ತಿದ್ದಳು. ಹೇಮಾಕ್ಷಿ ಅದನ್ನೂ ಹಾಕಿದಳು. ಬೇಕಿತ್ತಾ ಅದು? ಸ್ವರ ಮುಟ್ಟಿಸಿ ಎದ್ದು ಬಂದಿದ್ದರೆ ಯಾರಿಗಾದರೂ ಸಂಶಯವಾದರೂ ಬರುತ್ತಿತ್ತು. ಇಲ್ಲ, ಈ ಮಹಾರಾಯ್ತಿಗೆ ಉಸಿರೂ ತದ್ರೂಪ ಆಗಬೇಕು. ಎಷ್ಟು ಚೆನ್ನಾಗಿ ಬಂತೆಂದರೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಒಬ್ಬಳೇ ನಗುತ್ತಿದ್ದಳು.

ಹಾಡು ಓಡಿತು. ಬಸ್ಸಿನಲ್ಲಿ, ಮದುವೆ ಹಾಲಿನಲ್ಲಿ, ಮೀನು ಮಾರುವವರ ಮೊಬೈಲಿನಲ್ಲಿ ಎಲ್ಲ ಕಡೆ "ಬಲಾ". ಆ ಸ್ವರ ತನ್ನದೇ ಎಂದು ನಂಬಿದ ರೀಮಾ ವೇದಿಕೆಯಲ್ಲಿ ಅದನ್ನು ಮುಟ್ಟಲು ಹೊರಟಳು. ಸಿಗಲಿಲ್ಲ. ಒಮ್ಮೆ ಹಾಡಿದವಳಿಗೆ ಇನ್ನೊಮ್ಮೆ ಆಗದೇ ಇರುತ್ತದೆಯೇ ಎಂದು ಬೈಕಂಪಾಡಿಯ ಗೋದಾಮಿನಲ್ಲಿ ಅಭ್ಯಾಸಕ್ಕೆ ನಿಂತಳು. ಬ್ಯಾಂಡಿನವರು ಅಲ್ಲೇ ಸೇರುವುದು. ಸುತ್ತ ಫ್ಯಾಕ್ಟರಿಗಳು, ಎಷ್ಟು ಕಿರುಚಿದರೂ ಕೇಳುವವರಿಲ್ಲ. ಕಾಳುಮೆಣಸಿನ ಕಷಾಯ ಕುಡಿದು ಕಿರುಚಿದಳು, ಜ್ವರದಲ್ಲಿ ಕಿರುಚಿದಳು. ಒಂದೂವರೆ ವರ್ಷಕ್ಕೆ ಗಂಟಲ ಒಳಗೆ ರಕ್ತನಾಳ ಒಡೆಯಿತು. ಆಪರೇಶನ್ ಆಯಿತು. ಉಳಿದದ್ದು ಅಂಗಳದಲ್ಲಿ ಒಣ ತೆಂಗಿನಗರಿ ಎಳೆದ ಹಾಗಿನ ಒಂದು ಪಿಸುಮಾತು.

ಬ್ಯಾಂಡಿಗೆ ಹಾಡಲು ಹೊಸಬಳು ಬೇಕಾದಾಗ ಯೂಸ್ಟೇಸ್ ಯಾರ ಹೆಸರು ಹೇಳಿದರೆಂದು ಬೇರೆ ಹೇಳಬೇಕೇ? ಫೋನು ಮಾಡಿದ್ದು ಸ್ವತಃ ರೀಮಾ. ಹೇಮಾಕ್ಷಿ ಆಗ ನಿಜ ಹೇಳಬಹುದಿತ್ತು. ಅದಾಗದಿದ್ದರೆ ಬರುವುದಿಲ್ಲ ಎನ್ನಬಹುದಿತ್ತು. ಎರಡೂ ಬಿಟ್ಟು "ಯೋಚಿಸಿ ಹೇಳ್ತೇನೆ" ಎಂದಳು. ಹತ್ತು ನಿಮಿಷದೊಳಗೆ ತಾನೇ ಫೋನು ಮಾಡಿ "ಆಯ್ತು" ಎಂದಳು. ಪೋಸ್ಟರಿನಲ್ಲಿ ತನ್ನ ಹೆಸರು ನೋಡುವ ಆಸೆ. ಮೂವತ್ತನಾಲ್ಕು ವರ್ಷಕ್ಕೆ ಮೊದಲ ಸಲ. ಆಸೆಪಟ್ಟದ್ದು ತಪ್ಪೇನಲ್ಲ, ಆದರೆ ಯಾರ ಗಂಟಲಿನ ಮೇಲೆ ಕಾಲಿಟ್ಟು ಹತ್ತುತ್ತಿದ್ದೇನೆ ಎಂದು ಗೊತ್ತಿದ್ದೂ ಹತ್ತಿದಳಲ್ಲ, ಅದು ಅವಳನ್ನು ಒಂದು ದಿನವೂ ಸುಮ್ಮನೆ ಬಿಡಲಿಲ್ಲ.

ರೀಮಾ ಸಿಟ್ಟು ಮಾಡಿಕೊಂಡು ದೂರ ಹೋಗಿದ್ದರೆ ಹೇಮಾಕ್ಷಿ ಬದುಕಿಕೊಳ್ಳುತ್ತಿದ್ದಳೇನೋ. ರೀಮಾ ಹೋಗಲಿಲ್ಲ. ಮಿಕ್ಸರಿನ ಮುಂದೆ ಕುಳಿತು ಬ್ಯಾಂಡಿನ ಸೌಂಡು ನೋಡಿಕೊಳ್ಳಲು ಕಲಿತಳು. "ಹೇಮಕ್ಕ, ಭಜನೆಗೆ ಬಂದವರ ಹಾಗೆ ನಿಲ್ಬೇಡಿ ಮಾರಾಯ್ರೆ, ಕಾಲು ಅಗಲ ಮಾಡಿ" ಎಂದು ಪಿಸುಗುಟ್ಟಿ ಕಲಿಸಿದಳು. ತನ್ನ ಕಪ್ಪು ಬೂಟುಗಳನ್ನೂ ಕೊಟ್ಟಳು. ಅವು ಬಿಗಿಯಾಗಿದ್ದವು; ಹೇಮಾಕ್ಷಿ ಬೆರಳು ಮಡಚಿಕೊಂಡೇ ಹಾಕಿಕೊಂಡಳು, ಬೇಡ ಎನ್ನಲು ಬಾಯಿ ಬರಲಿಲ್ಲ. ಪ್ರತಿ ಶೋ ಮುಗಿದ ಮೇಲೆ ರೀಮಾ ಹೇಳುವ ಮಾತು ಒಂದೇ: "ನೀವು ಪ್ರತಿ ಸಲ ಮುಟ್ತೀರಿ. ನನಗೆ ದೇವರು ಒಮ್ಮೆ ಮಾತ್ರ ಕೊಟ್ಟ."

ಕಳೆದ ವಾರ ರೀಮಾ ಕುಣಿಯುತ್ತಾ ಬಂದಳು. ಇನ್ನು ಸಣ್ಣ ಸ್ವರದಲ್ಲಿ, ಕೆಳಗೆ ಕೆಳಗೆ ಹಾಡಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಮೇಲಕ್ಕೆ ಎಳೆದರೆ ಈಗಿರುವ ಮಾತೂ ಹೋದೀತು ಎಂದೂ ಹೇಳಿದ್ದರಂತೆ.

"ಆದ್ರೆ ನನಗೆ ಆ 'ಬಲಾ' ಬೇಕು ಹೇಮಕ್ಕ. ಒಮ್ಮೆ ಬಂದದ್ದು ಇನ್ನೊಮ್ಮೆ ಬಾರದೆ ಎಲ್ಲಿಗೆ ಹೋಗ್ತದೆ?"

"ಡಾಕ್ಟರು ಬೇಡ ಹೇಳಿದ್ದಾರಲ್ಲ?"

"ಅವರಿಗೆಂತ ಗೊತ್ತು! ನಾನು ಹಾಡಿದವಳಲ್ವಾ. ಯೂಸ್ಟೇಸ್ ಅಂಕಲ್ ಸ್ಟುಡಿಯೋ ಮುಚ್ಚಿ ಮಗಳ ಹತ್ರ ಮಸ್ಕತ್ತಿಗೆ ಹೋಗ್ತಾರಂತೆ. ನಮ್ಮ ರೆಕಾರ್ಡಿಂಗಿನ ಹಾರ್ಡ್ ಡಿಸ್ಕ್ ಅವರ ಹತ್ರ ಉಂಟು. ನೀವು ಭಾನುವಾರ ಫಳ್ನೀರಿಗೆ ಹೋಗ್ತೀರಲ್ಲ, ತನ್ನಿ. ನನ್ನ ಮೂರನೇ ಸಲದ್ದನ್ನು ಒಂಟಿಯಾಗಿ ಕೇಳಿ, ಅದರ ಜೊತೆಗೇ ಅಭ್ಯಾಸ ಮಾಡ್ತೇನೆ."

ಇಷ್ಟು ದಿನ ಹೇಮಾಕ್ಷಿ, ಅದು ಹಳೆಯ ತಪ್ಪು, ಆಗಿಹೋದದ್ದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಇಲ್ಲ, ಸುಮ್ಮನಿದ್ದರೆ ಅದು ಇನ್ನೊಮ್ಮೆ ಆಗುತ್ತದೆ. ಈ ಸಲ ಹುಡುಗಿಗೆ ಪಿಸುಮಾತೂ ಉಳಿಯುವುದಿಲ್ಲ. ಹೇಳಿದರೋ, ಅವಳ ಹತ್ತಿರ ಹೆಮ್ಮೆಪಡಲು ಉಳಿದಿರುವ ಆ ಒಂದನ್ನೂ ಕಿತ್ತುಕೊಂಡ ಹಾಗೆ.

ಭಾನುವಾರ ಬೆಳಿಗ್ಗೆ ಯೂಸ್ಟೇಸ್ ಕಂಪ್ಯೂಟರಿನಲ್ಲಿ ಆ ಹಾಡು ತೆರೆದರು. ರೀಮಾಳ ಏಳು, ಅದರ ಕೆಳಗೆ ಎಂಟನೆಯದು: 'ಹೇಮಾಕ್ಷಿ ಬಲಾ'.

"ನಿನ್ನದನ್ನು ಮೂರನೆಯದಕ್ಕೆ ಸೇರಿಸಿ ಹೆಸರು ಅಳಿಸ್ತೇನೆ. ಐದು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುದಿಲ್ಲ."

"ಮಾಡಿ ಸರ್" ಎಂದಳು ಹೇಮಾಕ್ಷಿ. ಹೌದು, ಹಾಗೇ ಎಂದಳು. ಅವರು ಕೀಬೋರ್ಡಿನ ಮೇಲೆ ಬೆರಳಿಟ್ಟು ಹೆಸರನ್ನು ಒಂದೊಂದೇ ಅಕ್ಷರ ಅಳಿಸತೊಡಗಿದಾಗ ಅವಳ ಕಣ್ಣಿಗೆ ಕಂಡದ್ದು ಮಿಕ್ಸರಿನ ಮುಂದೆ ಕುಳಿತು ಮೂಗಿನಿಂದ ಎರಡು ಸಲ ಉಸಿರೆಳೆಯುವ ರೀಮಾ.

"ಬೇಡ. ಬೇಡ ಸರ್, ಇದ್ದ ಹಾಗೇ ಕೊಡಿ."

"ಹುಚ್ಚುಂಟಾ ನಿನಗೆ? ನನ್ನ ಮರ್ಯಾದೆಯೂ ಹೋಗ್ತದೆ."

"ಹೋಗ್ಲಿ ಸರ್. ಅವಳ ಗಂಟಲು ಹೋಯ್ತಲ್ಲ."

ಯೂಸ್ಟೇಸ್ ಅಳಿಸಿದ ಅಕ್ಷರಗಳನ್ನು ಮತ್ತೆ ಹಾಕಿ, ಹಾರ್ಡ್ ಡಿಸ್ಕ್ ಕಿತ್ತು ಅವಳ ಕೈಗಿಟ್ಟರು. ಬಸ್ಸು ಕೂಳೂರು ಸೇತುವೆಗೆ ಬಂದಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ಬಿಟ್ಟುಬಿಟ್ಟರೆ ಮುಗಿಯಿತಲ್ಲ ಎಂದು ಹೇಮಾಕ್ಷಿಗೆ ಅನ್ನಿಸದೇ ಇರಲಿಲ್ಲ. ಹಾರ್ಡ್ ಡಿಸ್ಕನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದು, ಸೇತುವೆ ದಾಟುವವರೆಗೆ ಕಣ್ಣು ಮುಚ್ಚಿಕೊಂಡಳು.

ಸಂಜೆ ಸುರತ್ಕಲ್ ಕಡೆಯ ಕಾಲೇಜೊಂದರಲ್ಲಿ ಶೋ ಇತ್ತು. ಮಧ್ಯಾಹ್ನ ಗೋದಾಮಿನಲ್ಲಿ ರೀಮಾ ಒಬ್ಬಳೇ ವಯರು ಸುತ್ತುತ್ತಿದ್ದಳು. ಹೇಮಾಕ್ಷಿ ಕುಳಿತುಕೊಳ್ಳಲೂ ಇಲ್ಲ.

"ರೀಮಾ, ಆ 'ಬಲಾ' ನಿನ್ನದಲ್ಲ. ನಾನು ಹಾಡಿದ್ದು. ನಿನ್ನ ಸ್ವರದಲ್ಲಿ. ಇಷ್ಟು ದಿನ ಹೇಳಲಿಲ್ಲ. ನೀನು ಗಂಟಲು ಹರಿದುಕೊಂಡದ್ದು ನನ್ನ ಸ್ವರ ಮುಟ್ಟುವುದಕ್ಕೆ."

ರೀಮಾ ನಕ್ಕಳು. ಆಮೇಲೆ ಹೇಮಾಕ್ಷಿಯ ಮುಖ ನೋಡಿ ನಗು ನಿಲ್ಲಿಸಿದಳು. ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಎಂಟನೆಯದನ್ನು ಕೇಳಿದಳು. ಉಸಿರು, ಸ್ವರ, ನಾಲ್ಕು ಸೆಕೆಂಡು. ಮೂರನೆಯದನ್ನು ಕೇಳಿದಳು; ಬರೀ ಬಿರಿದ ಕೂಗು. ಬೈಯುವುದಕ್ಕೂ ಅವಳಿಗೆ ಸ್ವರವಿರಲಿಲ್ಲ. ಅದು ಹೇಮಾಕ್ಷಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಕೊನೆಗೆ ರೀಮಾ ಏಳನೆಯದನ್ನು ಒತ್ತಿದಳು. ಸುಸ್ತಾಗಿ ಎರಡು ಸ್ವರ ಕೆಳಗೆ ನಿಂತದ್ದು. ಮೆತ್ತಗೆ, ಸ್ವಲ್ಪ ನಡುಗುತ್ತಾ, ಬಾಗಿಲಲ್ಲಿ ನಿಂತು ಯಾರನ್ನೋ ನಿಜವಾಗಿ ಕರೆದ ಹಾಗಿತ್ತು. ರೀಮಾ ಎರಡು ಸಲ ಕೇಳಿದಳು.

"ಇದಕ್ಕೆ ಎಂತ ಆಗಿತ್ತು ಹೇಮಕ್ಕ?" ಎಂದು ಪಿಸುಗುಟ್ಟಿದಳು. "ಚಂದ ಉಂಟಲ್ಲ? ಇದನ್ನೇ ಯಾಕೆ ಇಡ್ಲಿಲ್ಲ ನೀವೆಲ್ಲ?"

ಅಷ್ಟರಲ್ಲಿ ಸೆಡ್ರಿಕ್ ಟೆಂಪೋ ತಂದು ಹಾರ್ನ್ ಹಾಕಿದ. ರೀಮಾ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪು ಮಡಚಿ ಎದ್ದಳು.

ಕಾಲೇಜಿನ ಮೈದಾನದಲ್ಲಿ ಇನ್ನೂ ಬಿಸಿಲಿತ್ತು. ಹೇಮಾಕ್ಷಿ ಆ ಬಿಗಿ ಬೂಟಿನಲ್ಲೇ ನಿಂತು ಹಾಡಿದಳು. ಕೊನೆಗೆ ಆ ಹಾಡು ಬಂತು. ಗಿಟಾರು ನಿಂತಿತು, ಡ್ರಮ್ಮು ನಿಂತಿತು. ಹೇಮಾಕ್ಷಿ ಬಾಯಿ ತೆರೆದು ಸ್ವರ ಎತ್ತಿದಳು. ಮೈಕಿನಲ್ಲಿ ಏನೂ ಬರಲಿಲ್ಲ. ದೂರದಲ್ಲಿ ರೀಮಾಳ ಒಂದು ಕೈ ಮಿಕ್ಸರಿನ ಮೇಲಿತ್ತು, ಇನ್ನೊಂದು ಲ್ಯಾಪ್‌ಟಾಪಿನ ಮೇಲೆ.

ಆಗ ಅಷ್ಟೂ ಸ್ಪೀಕರುಗಳಿಂದ ರೀಮಾ ಕರೆದಳು. ಎರಡು ಸ್ವರ ಕೆಳಗೆ, ನಡುಗುತ್ತಾ, "ಬಲಾ…"

ಹೇಮಾಕ್ಷಿ ಬಾಯಿ ಮುಚ್ಚಲಿಲ್ಲ. ಜನರೆದುರು ನಿಂತು, ನಾಲ್ಕು ಸೆಕೆಂಡು, ರೀಮಾಳ ಸ್ವರಕ್ಕೆ ತುಟಿ ಅಲ್ಲಾಡಿಸಿದಳು. ಸೆಡ್ರಿಕ್ ಒಬ್ಬನೇ ಬೆಚ್ಚಿ ತಂಗಿಯ ಕಡೆ ತಿರುಗಿದ. ಹುಡುಗರು ಎಂದಿನ ಹಾಗೆ ಎದ್ದು ನಿಂತರು, ಎಂದಿನ ಹಾಗೆ ಸೀಟಿ ಹೊಡೆದರು. ಚಪ್ಪಾಳೆ ಎಂದಿನಷ್ಟೇ ಬಿತ್ತು, ಒಂದೂ ಕಡಿಮೆ ಇರಲಿಲ್ಲ.