ಅಕ್ಕೋರ ಬಕೆಟ್ಟಿನ ಶುಂಠಿ

ಬೀಜಕ್ಕೆಂದು ಹಸಿಶುಂಠಿಯ ತುಂಡು ಕೊಡುವಾಗಲೇ ಎದುರು ಮನೆಯ ರಸೂಲಬಿ ಒಂದು ಮಾತು ಹೇಳಿದ್ದಳು. "ಎಲಿ ಹಳದಿ ಆಗಾಕ ಹತ್ತಿದ್ರ ನೀರು ಹಾಕೂದು ಬಿಟ್ಟುಬಿಡ್ರಿ, ಅಕ್ಕೋರ."

ಲಕ್ಷ್ಮೇಶ್ವರದಲ್ಲಿ ಮೂವತ್ತು ವರ್ಷ ಶಾಲೆ ಕಲಿಸಿ ನಿವೃತ್ತರಾದ ಸುಂದರಾಬಾಯಿಗೆ, ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ತಮ್ಮ ಹಳೇ ವಿದ್ಯಾರ್ಥಿನಿಯಿಂದ ಪಾಠ ಬೇಕಿರಲಿಲ್ಲ. ಎಲೆ ಹಳದಿಯಾಯಿತೆಂದರೆ ಗಿಡಕ್ಕೆ ನೀರು ಸಾಲದು, ಅಷ್ಟೇ. ಶುಂಠಿ ನೆಟ್ಟಿದ್ದ ಮಾಳಿಗೆ ಮೇಲಿನ ಒಡಕು ಬಕೆಟ್ಟಿಗೆ ಎರಡು ಹೊತ್ತೂ ನೀರು ಹೊಯ್ದರು. ಅಗೆದಾಗ ಸಿಕ್ಕಿದ್ದು ಕೊಳೆತ ನಾರು.

ರಸೂಲಬಿ ಕೇಳದೆ ಬಿಡುವವಳಲ್ಲ. ಸುಂದರಾಬಾಯಿ ಸಂತೆಯಿಂದ ಶುಂಠಿ ತಂದು, ಬಕೆಟ್ಟಿನ ಮಣ್ಣನ್ನೇ ಅದಕ್ಕೆ ಸವರಿ, ತಾವಾಗಿಯೇ ಅವಳ ಮನೆಗೆ ಒಯ್ದರು.

"ನೋಡವಾ, ಹೆಂಗ ಬಂದಾವು."

ಒಲೆಯ ಪಕ್ಕದಲ್ಲಿ ರಸೂಲಬಿ ಕುಂಡದಲ್ಲಿ ಬೆಳೆದ ಶುಂಠಿ ಇತ್ತು. ಕಿರುಬೆರಳಿನಷ್ಟು ಸಣ್ಣದು, ಸೊಟ್ಟ. ಅಕ್ಕೋರು ತಂದದ್ದು ಅಂಗೈಯಗಲ. ಅವಳು ಮಣ್ಣು ತೊಳೆದು, ಒಂದು ತುಂಡು ಮುರಿದು ಜಜ್ಜಿ ಚಹಾಕ್ಕೆ ಹಾಕಿದಳು. ಕಪ್ಪೂ ಬಸಿಯೂ ಮುಂದಿಟ್ಟ ಮೇಲೆ ಕೇಳಿದಳು.

"ನಾಲ್ಕನೇ ಇಯತ್ತ್ಯಾಗ ನಾ ಬಾಜೂದಾಕಿ ಪಾಟಿ ನೋಡಿ ಲೆಕ್ಕ ಬರದಿದ್ದೆ. ನೀವು ಹೊರಗಿದ್ರಿ. ಆದ್ರೂ ಬಂದ ಕೂಡ್ಲೆ ಹೆಂಗ ಗುರ್ತ ಹಿಡದ್ರಿ, ಅಕ್ಕೋರ?"

ಸುಂದರಾಬಾಯಿ ಚಹಾವನ್ನು ಬಸಿಗೆ ಹಾಕಿಕೊಂಡು, ಆರುವ ತನಕ ಅದನ್ನೇ ನೋಡಿದರು.

"ಒಂದೂ ತಪ್ಪಿರಲಿಲ್ಲ ನೋಡವಾ," ಅಂದರು. "ಅದಕ್ಕ."