ನಾನು ಕಳುವಾಗಿರಲಿಲ್ಲ

ನಾನು ಕಾಲಲ್ಲಿ ತುಳಿಯುವ ಒಂದು ಹಳೆಯ ಹೊಲಿಗೆ ಮಷೀನು. ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ. ಕಾದ ಕಬ್ಬಿಣವಾಗಿ ಅಚ್ಚಿನೊಳಗೆ ಇಳಿದದ್ದು, ಮೆಲ್ಲಗೆ ತಣ್ಣಗಾದದ್ದು, ಯಾರೋ ಉಸಿರು ಬಿಗಿಹಿಡಿದು ನನ್ನ ಕತ್ತಿನ ಮೇಲೆ ಚಿನ್ನದ ಬಣ್ಣದ ಬಳ್ಳಿ ಮೂಡಿಸಿದ್ದು, ಇಷ್ಟೇ ನೆನಪು. ಆಮೇಲೆ ಗೂಡ್ಸ್ ರೈಲಿನಲ್ಲಿ ಹುಲ್ಲು ಹೊದ್ದು ಮಲಗಿದವ ಎಚ್ಚರಾದದ್ದು ಬ್ಯಾಡಗಿಯಲ್ಲಿ. ಮೊದಲು ಬಂದದ್ದು ಮೆಣಸಿನಕಾಯಿ ಘಾಟು. ಮಷೀನಿಗೆ ಎಲ್ಲಿಯ ಮೂಗು ಅನ್ನುತ್ತೀರೇನೋ. ಬ್ಯಾಡಗಿಯಲ್ಲಿ ಕಲ್ಲಿಗೂ ಮೂಗಿರುತ್ತದೆ.

ನನ್ನನ್ನು ಕೊಂಡವರು ಸಿಂಪಿಗ ನಾಮದೇವಪ್ಪ. ಅವರ ನಂತರ ಮಗ ಪಾಂಡುರಂಗಪ್ಪನ ಪಾಲಿಗೆ ಬಂದೆ. ಯಜಮಾನರನ್ನು ನಾನು ಕೆಳಗಿನಿಂದ ಬಲ್ಲೆ, ಪಾದದಿಂದ. ಪಾಂಡುರಂಗಪ್ಪನ ಕಾಲು ಎತ್ತಿನ ನಡಿಗೆಯದು. ನಿಧಾನ, ಭಾರ, ನಂಬಿಕೆಯದು. ವರ್ಷಕ್ಕೊಂದು ದಿನ, ಮಹಾನವಮಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ನನ್ನ ಗಾಲಿ ತಿರುಗುತ್ತಿರಲಿಲ್ಲ. ಅಂದು ನನಗೆ ಎಣ್ಣೆಸ್ನಾನ, ಕುಂಕುಮ, ಚೆಂಡುಹೂವಿನ ಸರ. ಪಾಂಡುರಂಗಪ್ಪ ವಿಠಲನ ಭಕ್ತ. ಆ ಭಕ್ತರು ಇಡುವ ಕಪ್ಪು ಪುಡಿ ಬುಕ್ಕಿಟ್ಟನ್ನು ನನ್ನ ಹಣೆಗೆ ಹಚ್ಚಿ, ಹೊಸ್ತಿಲ ಹೊರಗೆ ಬೂದುಗುಂಬಳ ಒಡೆದು, ಒಳಬಂದು ಆರತಿ ಎತ್ತುತ್ತಿದ್ದ.

ಮುಂದೆ ಅಂಗಡಿಗೆ ಸಾವಂತ್ರವ್ವ ಬಂದಳು. ಗುಂಡಿ ಹಚ್ಚಲು ಬಂದವಳನ್ನು ಆತ ವರ್ಷದೊಳಗೆ ನನ್ನ ಮುಂದೆ ಕೂರಿಸಿ, ತಾನು ಕತ್ತರಿ ಹಿಡಿದು ಮೇಜಿನತ್ತ ಸರಿದ. ಅವಳ ಪಾದ ಹಂಚಿನ ಮೇಲೆ ಬೀಳುವ ಮಳೆಯ ಹಾಗೆ. ಹದಿನಾಲ್ಕು ವರ್ಷ ಆ ಮಳೆಯಲ್ಲಿ ನಾನು ನೆನೆದೆ, ತೂಕಡಿಸಿದೆ, ಅವರಿಬ್ಬರ ಮಾತು ಕೇಳಿದೆ.

“ಕಾಕಾ, ಈ ಜಂಪರಿನ ತೋಳು ಸಣ್ಣದಾಗೇತಂತ್ರಿ.”

“ತೋಳು ಎಲ್ಲಿ ಸಣ್ಣದಾಗೇತವಾ, ಆಕಿ ಪಂಚಮಿ ಉಂಡಿ ತಿಂದಾಳ!”

ಒಂದು ದಿನ ಅವಳು ನನ್ನ ಮೇಲಿನ ದಾರದ ಎಳೆಗಳನ್ನು ಒರೆಸಿ ಎದ್ದು ನಿಂತಳು. “ಕಾಕಾ, ಸೋಮವಾರದಿಂದ ನಾ ನಮ್ಮ ಪಡಸಾಲ್ಯಾಗ ಹೊಲೀತೀನ್ರಿ. ಆಶೀರ್ವಾದ ಮಾಡ್ರಿ.”

ಪಾಂಡುರಂಗಪ್ಪ ತಲೆ ಎತ್ತಲಿಲ್ಲ. ಕತ್ತರಿ ಗೆರೆ ಬಿಟ್ಟು ಬಟ್ಟೆಯ ನಡುವೆ ಹೋಯಿತು. “ಮಾಡೇನಿ, ಹೋಗು” ಎಂದ.

ಹೊಲಿಸಲು ಬರುತ್ತಿದ್ದ ಹೆಂಗಸರೆಲ್ಲ ಅವಳ ಹಿಂದೆಯೇ ಹೋದರು. ಅಂಗಡಿ ಮೌನವಾಯಿತು. ಆತ ನನ್ನ ಮುಂದೆ ಕೂರುತ್ತಿದ್ದ, ತುಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಳೆಯ ಕಂಬಳಿ ಹೊದಿಸಿ ನನ್ನನ್ನು ಕೈಗಾಡಿಗೆ ಏರಿಸಿದ. ರಿಪೇರಿಗೆ ಇರಬೇಕು ಅಂದುಕೊಂಡೆ. ಇಳಿಸಿದ್ದು ಅವನ ಭಾವನ ಖಾಲಿ ಮೆಣಸಿನಕಾಯಿ ಗೋದಾಮಿನಲ್ಲಿ. “ನಾಕು ದಿನ ತಡ್ಕೊ” ಎಂದು ನನ್ನ ಗಾಲಿ ಸವರಿದ, “ಆಕಿ ಒಂದೀಟು ಹೆದರಿ ತಿರುಗಿ ಬರ್ಲಿ.”

ಅಲ್ಲಿಂದ ನೆಟ್ಟಗೆ ಪೊಲೀಸ್ ಸ್ಟೇಷನ್ನಿಗೆ ಹೋಗಿ, ಸಾವಂತ್ರವ್ವನ ಹತ್ತಿರ ಅಂಗಡಿಯ ಇನ್ನೊಂದು ಕೀಲಿಕೈ ಇದೆ, ಅವಳೇ ಮಷೀನು ಕದ್ದವಳು ಎಂದು ದೂರು ಬರೆಸಿದ. ಸಾಹೇಬರು ಕರೆದು ಒಮ್ಮೆ ಗದರಿಸುತ್ತಾರೆ, ಅವಳು ಅಳುತ್ತ ಬರುತ್ತಾಳೆ, ತಾನು ದೊಡ್ಡ ಮನಸ್ಸು ಮಾಡಿದರಾಯಿತು. ಅವನ ಲೆಕ್ಕ ಅಷ್ಟೇ ಇತ್ತು. ಆದರೆ ಬರೆದು ಸಹಿ ಹಾಕಿದ ಮಾತಿಗೆ ಸ್ವಂತ ಕಾಲು ಬರುತ್ತದೆ. ಅದು ಸಾವಂತ್ರವ್ವನ ಮನೆಗೆ ನಡೆದುಹೋಯಿತು. ಓಣಿಯ ಮಂದಿಯ ಎದುರು ಅವಳ ಟ್ರಂಕು ಹೊರಬಂತು. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಅವಳು ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಳು. “ನಮ್ಮನಿ ಮದುವಿ ಹತ್ರ ಬಂತವಾ, ತಪ್ಪು ತಿಳ್ಕೋಬ್ಯಾಡ” ಎನ್ನುತ್ತ ಹೆಂಗಸರು ಹೊಲಿಯಲು ಕೊಟ್ಟ ಬಟ್ಟೆಗಳನ್ನು ಒಬ್ಬೊಬ್ಬರಾಗಿ ಹಿಂದಕ್ಕೆ ಒಯ್ದರು. ಇದೆಲ್ಲ ನನಗೆ ಗೊತ್ತಾದದ್ದು ಮುಂದೆ, ಕೋರ್ಟಿನಲ್ಲಿ.

ಆಗ ನಾನು ಗೋದಾಮಿನಲ್ಲಿ ಕನಸು ಕಾಣುತ್ತಿದ್ದೆ. ಹಂಚಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ಹಳೆಯ ಮೆಣಸಿನಕಾಯಿಯ ಕೆಂಪು ಧೂಳು ತೇಲುತ್ತಿತ್ತು. ಆ ಬಿಸಿಲುಕೋಲನ್ನು ಯಾರೋ ಸೂಜಿಗೆ ಪೋಣಿಸಿದಂತೆ, ಆಕಾಶದಷ್ಟು ಅಗಲದ ಸೀರೆಗೆ ನಾನು ಅಂಚು ಹೊಲಿಯುತ್ತ ಹೋದಂತೆ. ಮಳೆಯಂಥ ಆ ಪಾದ ಮಾತ್ರ ಕನಸಿನಲ್ಲೂ ಬರಲಿಲ್ಲ.

ಮಹಾನವಮಿ ಬಂತು. ಮಧ್ಯಾಹ್ನ ಹಿತ್ತಲ ಬಾಗಿಲು ಕಿರ್ರೆಂದಿತು. ಪಾಂಡುರಂಗಪ್ಪ! ಕೈಯಲ್ಲಿ ಎಣ್ಣೆ, ಚೆಂಡುಹೂವು, ಪಂಚೆಯೊಳಗೆ ಬಚ್ಚಿಟ್ಟುಕೊಂಡು ತಂದ ಬೂದುಗುಂಬಳ. ನನ್ನನ್ನು ಒರೆಸಿ, ಬುಕ್ಕಿಟ್ಟು ಹಚ್ಚಿದ. ಕುಂಬಳವನ್ನು ಒಳಗೆ ಒಡೆಯುವ ಹಾಗಿಲ್ಲ. ಅದನ್ನು ಹೊಸ್ತಿಲ ಹೊರಗೇ ಒಡೆಯಬೇಕು. ಅತ್ತಿತ್ತ ನೋಡಿ ಒಡೆದ, ಬಾಗಿಲು ಮುಚ್ಚಿ ಒಳಬಂದು ಕರ್ಪೂರ ಹಚ್ಚಿದ. ಆ ಹೊಗೆ, ಆ ಘಾಟು. ಒಂದಲ್ಲ, ಏಳು ಸಲ ಸೀನಿದ.

ಸ್ಟೇಷನ್ನಿನ ಬಂದೂಕುಗಳ ಪೂಜೆ ಮುಗಿಸಿ ಪ್ರಸಾದ ತಿನ್ನುತ್ತ ಆ ಓಣಿಯಲ್ಲೇ ಹೊರಟಿದ್ದ ಪೊಲೀಸ್ ಹಾಲಪ್ಪ ನಿಂತ.

“ಯಾರ್ರೀ ಒಳಗ? ತಕ್ಕಡಿ ಇಲ್ಲ, ಗಾಡಿ ಇಲ್ಲ, ಖಾಲಿ ಗೋದಾಮಿಗೆ ಯಾರು ಕುಂಬಳಕಾಯಿ ಒಡದವ್ರು?” ಬಾಗಿಲು ತಳ್ಳಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ. “ಪಾಂಡುರಂಗಣ್ಣ, ನಿಮ್ಮ ಕಳ್ಳ ಭಾಳ ಭಕ್ತ ಇದ್ದಾನಲ್ರೀ! ಬುಕ್ಕಿಟ್ಟೂ ಹಚ್ಯಾನ!”

ಪಾಂಡುರಂಗಪ್ಪ ಆರತಿ ಕೆಳಗಿಡಲಿಲ್ಲ. “ಪೂಜಿ ಇಲ್ಲದ ಹೆಂಗ ಬಿಡ್ಲೋ ಹಾಲಪ್ಪ? ನಮ್ಮಪ್ಪನ ಕಾಲದಿಂದ ಒಂದು ವರ್ಷನೂ ತಪ್ಪಿಲ್ಲ.”

ಹಾಲಪ್ಪ ಟೋಪಿ ತೆಗೆದ. “ಆರತಿ ಮುಗಸ್ರಿ. ಆಮ್ಯಾಲ ಸ್ಟೇಷನ್ನಿಗೆ ಹೋಗೂಣು.”

ಕಳ್ಳತನದ ಕೇಸಿಗೆ ಬಿ ರಿಪೋರ್ಟ್ ಹಾಕಿದರು, ಅಂದರೆ ದೂರೇ ಸುಳ್ಳೆಂದು ಮುಚ್ಚಿದರು. ಬೆನ್ನಿಗೇ ಸುಳ್ಳು ದೂರು ಕೊಟ್ಟದ್ದಕ್ಕೆ ಪಾಂಡುರಂಗಪ್ಪನ ಮೇಲೆ ಇನ್ನೊಂದು ಕೇಸಾಯಿತು. ನಾನು ಮುದ್ದೆಮಾಲು, ಅಂದರೆ ಕೇಸಿನ ಸಾಮಾನು. ಕತ್ತಿಗೆ ಚೀಟಿ, ಚೀಟಿಗೆ ಅರಗಿನ ಮುದ್ರೆ. ಸ್ಟೇಷನ್ನಿನ ಹಿಂದಿನ ಕೋಣೆಯಲ್ಲಿ, ಯಜಮಾನರನ್ನು ಕಾಯುವ ಸೈಕಲ್ಲು, ಕೊಡ, ಗಡಿಯಾರಗಳ ನಡುವೆ ಎಷ್ಟೋ ತಿಂಗಳು ಅರೆನಿದ್ದೆಯಲ್ಲಿದ್ದೆ.

ಕೊನೆಗೆ ನನ್ನನ್ನೂ ಕೋರ್ಟಿಗೆ ಒಯ್ದರು. ಅಲ್ಲಿ ಪಾಂಡುರಂಗಪ್ಪ ವಕೀಲರು ಕಲಿಸಿದ್ದನ್ನು ಬಿಟ್ಟು, “ತಪ್ಪು ನಂದೈತ್ರಿ” ಎಂದ. ನ್ಯಾಯಾಧೀಶರು ಕನ್ನಡಕ ತೆಗೆದರು. “ಪೊಲೀಸರನ್ನು ಕೋಲು ಮಾಡಿಕೊಂಡು ಇನ್ನೊಬ್ಬರನ್ನು ಹೊಡೆದಿದ್ದೀರಿ. ಏಟು ತಿಂದವರು ಇಲ್ಲೇ ಇದ್ದಾರೆ, ನೋಡಿ.” ದಂಡ ಹಾಕಿ, ಕೋರ್ಟು ಏಳುವವರೆಗೆ ಅಲ್ಲೇ ಕೂರುವ ಶಿಕ್ಷೆ ಕೊಟ್ಟರು.

ಸಾಕ್ಷಿಗೆ ಬಂದಿದ್ದ ಸಾವಂತ್ರವ್ವ ಎದ್ದಳು. “ಸಾಹೇಬ್ರ, ನನ್ನ ಟ್ರಂಕು ಓಣ್ಯಾಗ ತಗದ್ರು. ನಾ ಕದ್ದಿಲ್ಲ ಅಂಬೂದನ್ನ ನಾಕು ಗ್ವಾಡಿ ನಡುವ ಹೇಳಿದ್ರ ಹೆಂಗ್ರಿ? ಅದೂ ಓಣ್ಯಾಗ ಕೇಳಬೇಕು.”

ಅಂಥ ಶಿಕ್ಷೆ ಪುಸ್ತಕದಲ್ಲಿ ಇರಲಿಲ್ಲವೇನೋ. ನ್ಯಾಯಾಧೀಶರು ಮುಂದಿನ ಕೇಸು ಕರೆಸಿದರು. ಪಾಂಡುರಂಗಪ್ಪ ಸಂಜೆಯವರೆಗೆ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತ. ಗಾಳಿಯಲ್ಲಿ ಅವನ ಪಾದ ತಾನಾಗಿ ತುಳಿಯುತ್ತಿತ್ತು.

ಕೋರ್ಟು ನನ್ನನ್ನು ಬಿಟ್ಟುಕೊಟ್ಟ ಮೇಲೆ ಬಂದ ದಸರೆಗೆ ನಾನು ಮತ್ತೆ ಕೈಗಾಡಿ ಏರಿದೆ. ಈ ಸಲ ಕಂಬಳಿ ಇರಲಿಲ್ಲ. ನಮ್ಮ ಕಡೆ ಅಂದು ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು, ಮನಸ್ಸಿನ ಕಹಿ ಮರೆಯುತ್ತಾರೆ. ಸಾವಂತ್ರವ್ವನ ಓಣಿಯ ಪ್ರತಿ ಬಾಗಿಲಿಗೂ ಗಾಡಿ ನಿಂತಿತು. “ಬನ್ನಿ ತಗೋರಿ. ಸಾವಂತ್ರವ್ವ ಕದ್ದಿಲ್ಲ. ಸುಳ್ಳು ಹೇಳಿದಾಂವ ನಾನು.” ಹತ್ತೊಂಬತ್ತು ಬಾಗಿಲು. ಕೊನೆಕೊನೆಗೆ ದನಿಯೇ ಹೊರಡುತ್ತಿರಲಿಲ್ಲ. ಅವಳ ಬಾಗಿಲು ಮುಚ್ಚಿತ್ತು. ಉಳಿದ ಬನ್ನಿಯನ್ನು ನನ್ನ ಡ್ರಾಯರಿನಲ್ಲಿಟ್ಟು, ನನ್ನನ್ನು ಕಟ್ಟೆಯ ಮೇಲೆ ಬಿಟ್ಟು ಹೋದ.

ಮರುದಿನ ಅವಳು ನನ್ನನ್ನು ಒಳಗೆಳೆದುಕೊಂಡಳು. “ಮಳಿಗೆ ತುಕ್ಕು ಹಿಡೀತೈತಿ” ಎಂದಳು, ಯಾರೂ ಕೇಳದಿದ್ದರೂ.

ಈಗ ಅವಳ ಪಡಸಾಲೆಯಲ್ಲಿ ಕರೆಂಟಿನ ಮಷೀನುಗಳಿವೆ. ನಾನು ಮೂಲೆಯಲ್ಲಿ ಅರ್ಧ ನಿದ್ದೆ, ಅರ್ಧ ನೆನಪು. ಆದರೆ ನನ್ನ ಖಂಡೇಪೂಜೆಯನ್ನು ಅವಳು ಮಾಡುವುದಿಲ್ಲ. ಮೊದಲ ವರ್ಷವೇ ತಾನಾಗಿ ಹೋಗಿ ಅವನನ್ನು ಕರೆದಳು: “ನಿಮ್ಮ ಮಷೀನು ಪೂಜಿ ಇಲ್ಲದ ಕುಂತೈತಿ, ಬರ್ರಿ. ಮುಂದಿನ ಬಾಗಲಾಗ ಬರ್ರಿ. ಕುಂಬಳಕಾಯಿ ಎಲ್ಲಾರಿಗೂ ಕಾಣಂಗ ಒಡೀರಿ.” ಒಂಬತ್ತು ವರ್ಷ ಹಾಗೇ ಕರೆದಳು. ಆದರೆ ಪೂಜೆಯ ಮರುದಿನದ ಬನ್ನಿಗೆ ಒಮ್ಮೆಯೂ ಕರೆಯಲಿಲ್ಲ. ಅವನೂ ಕೇಳಲಿಲ್ಲ. ಡ್ರಾಯರಿನ ಎಲೆಗಳು ಒಣಗಿ ಪುಡಿಯಾದವು. ಅವಳು ಎಸೆಯಲೂ ಇಲ್ಲ.

ಈ ವರ್ಷ ಪಾಂಡುರಂಗಪ್ಪನಿಗೆ ಕಣ್ಣು ಕಾಣುವುದಿಲ್ಲ. ಬುಕ್ಕಿಟ್ಟು ಹಿಡಿದ ಬೆರಳು ನನ್ನ ಹಣೆಗಾಗಿ ಗಾಳಿಯಲ್ಲಿ ತಡವರಿಸಿತು. ಸಾವಂತ್ರವ್ವ ಆ ಕೈ ಹಿಡಿದು ಸರಿಯಾದ ಜಾಗಕ್ಕೆ ತಂದಳು. ಸ್ವಲ್ಪ ಹೊತ್ತು ಬಿಡಲಿಲ್ಲ.

ಪೂಜೆ ಮುಗಿಸಿ ಆತ ಕೋಲು ಹುಡುಕಿ ಹೊಸ್ತಿಲು ದಾಟುವಾಗ ಹಿಂದಿನಿಂದ ಹೇಳಿದಳು:

“ಕಾಕಾ, ನಾಳೆನೂ ಬರ್ರಿ.”