ಮೇಲಿನ ಕಣಿವೆಯ ಗಸ್ತು

ಎಲ್ಲರೂ ದೊಡ್ಡಣ್ಣ ಎಂದು ಕರೆಯುತ್ತಿದ್ದ ಆ ಕಾವಲುಗಾರ, ಮೊಣಕಾಲು ನೋವೆಂದು ಮೂರು ದಿನ ರಾಷ್ಟ್ರೀಯ ಉದ್ಯಾನದ ಮೇಲಿನ ಕಣಿವೆಗೆ ಹತ್ತಲಿಲ್ಲ. ಚೌಕಿಯ ಒಲೆಯ ಪಕ್ಕದಲ್ಲೇ ಕೂತು, ಗಸ್ತು ಪುಸ್ತಕದಲ್ಲಿ ಮಾತ್ರ ‘ನೋಡಿಬಂದೆ, ಎಲ್ಲ ಸರಿಯಿದೆ’ ಎಂದು ಬರೆದ. ನಾಲ್ಕನೆಯ ದಿನ ಹತ್ತಿ ನೋಡಿದರೆ, ಕಾಡುಮೇಕೆಯೊಂದು ಬೇಟೆಗಾರರ ತಂತಿ ಉರುಳಿಗೆ ಕಾಲು ಸಿಕ್ಕಿ ಸತ್ತುಬಿದ್ದಿತ್ತು. ಬಿಡಿಸಿಕೊಳ್ಳಲು ಅದು ಸುತ್ತಿ ಸುತ್ತಿ ಎಳೆದಾಡಿದ್ದಕ್ಕೆ ಅಲ್ಲಿನ ಹುಲ್ಲೆಲ್ಲ ಸವೆದುಹೋಗಿತ್ತು.

ಚೌಕಿಗೆ ತಂದ ಹೆಣವನ್ನು ಪರೀಕ್ಷಿಸಿದ ಪಶುವೈದ್ಯೆ ಕೆಲಸಕ್ಕೆ ಹೊಸಬಳು. “ಸಾರ್, ಇದು ಮೂರು ದಿನ ಒದ್ದಾಡಿದೆ. ಮೊದಲ ದಿನಾನೇ ಯಾರಾದ್ರೂ ನೋಡಿದ್ರೆ ಬದುಕ್ತಿತ್ತು” ಅಂದಳು.

ವಲಯಾಧಿಕಾರಿ ಗದರಿದರು. “ಬಾಯಿಗೆ ಬಂದಿದ್ದು ಹೇಳಬೇಡಮ್ಮಾ. ನಮ್ಮ ದೊಡ್ಡಣ್ಣ ದಿನಾ ಹೋಗಿದ್ದಾನೆ. ಇಪ್ಪತ್ತು ವರ್ಷದಲ್ಲಿ ಒಂದು ಸುಳ್ಳೂ ಬರೆದವನಲ್ಲ. ನಿನ್ನ ವರದಿ ತಿದ್ದು.”

ಅವಳ ಕಣ್ಣು ತುಂಬಿತು. ಆದರೂ ಪೆನ್ನು ತೆಗೆದಳು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ದೊಡ್ಡಣ್ಣನಿಗೆ.

“ತಿದ್ದಬೇಡಮ್ಮಾ. ನಾನು ಹೋಗಿರ್ಲಿಲ್ಲ ಸಾರ್. ಮೂರು ದಿನಾನೂ ಇಲ್ಲೇ ಬೆಚ್ಚಗೆ ಕೂತಿದ್ದೆ” ಅಂದ.

ಅಧಿಕಾರಿಯ ಕಣ್ಣು ಅವನು ಭಾರ ಹಾಕದೆ ನಿಂತಿದ್ದ ಕಾಲಿನ ಮೇಲೆ ಬಿತ್ತು. “ಕಾಲು ನೋವು ಅಂತ ಒಂದು ಮಾತು ಹೇಳಿದ್ರೆ ನಾನೇ ಹತ್ತಿ ಬರ್ತಿದ್ನಲ್ಲ, ದೊಡ್ಡಣ್ಣ.” ಆಮೇಲೆ ವೈದ್ಯೆಯ ಕಡೆ ತಿರುಗಿ, “ತಪ್ಪಾಯ್ತಮ್ಮಾ” ಎಂದು ಕೈಮುಗಿದರು.

ಕೈಮುಗಿಯಬೇಕಾದವನು ತಾನು ಎಂದು ದೊಡ್ಡಣ್ಣನಿಗೆ ಗೊತ್ತಿತ್ತು. ಆದರೆ ತಗ್ಗಿದ ತಲೆ ಮೇಲೇಳಲಿಲ್ಲ.

ಮರುವಾರ ಅವನನ್ನು ಕೆಳಗಿನ ಗೇಟಿಗೆ ಹಾಕಿದರು. ‘ಮೇಲೆ ಏನೇನು ಕಾಣ್ಸುತ್ತೆ?’ ಎಂದು ಪ್ರವಾಸಿಗರು ಕೇಳಿದರೆ, ಅವನು ‘ನೋಡಿಬಂದವನು ಇವನು’ ಎಂದು ಪಕ್ಕದ ಕಾವಲುಗಾರನ ಕಡೆ ಕೈತೋರಿಸುತ್ತಾನೆ.